ಸಿಳ್ಳಾರನೂ ನನ್ನ ಮಾನವೂ

ಮಾನ್ಯ ಓದುಗರೇ, ಮುಂಜಾನೆ ನಿಮ್ಮ ಹಿತ್ತಿಲಿನಾಚೆ ಯಾರೋ ಸಿಳ್ಳೆ ಹೊಡೆದರೆ ನೀವು ಮೊದಲು ಯಾರನ್ನು ಶಂಕಿಸುತ್ತೀರಿ? ಅರಕಲಗೂಡಿನ ಜವಳಿ ವ್ಯಾಪಾರಿ ಬಸಪ್ಪನವರು ನನ್ನನ್ನು ಶಂಕಿಸಿದರು.

ಅವರನ್ನು ದೂರಲಾರೆ. ನಾನು ಅವಿವಾಹಿತ, ಹೊಸದಾಗಿ ಬಂದ ಮಿಡ್ಲ್ ಸ್ಕೂಲ್ ಮೇಷ್ಟ್ರು, ಅವರ ಪಕ್ಕದ ಮನೆಯ ಬಾಡಿಗೆದಾರ. ಸಾಲದೆಂಬಂತೆ, ಹೊಳೆನರಸೀಪುರ, ಚನ್ನರಾಯಪಟ್ಟಣಗಳಲ್ಲಿ ಚಪ್ಪಾಳೆ ಗಿಟ್ಟಿಸಿದ್ದ ಸ್ತ್ರೀವಿದ್ಯಾಭ್ಯಾಸದ ಭಾಷಣವನ್ನು ಇಲ್ಲಿಯೂ ಬಿಗಿದಿದ್ದೆ. ಮಳೆಗಾಲ ಹಿಡಿದದ್ದೇ ತಡ, ಹಿತ್ತಿಲ ಹಳ್ಳದ ಕಡೆಯಿಂದ ಸಿಳ್ಳೆ ಆರಂಭವಾಯಿತು. ಅದೂ ಬಸಪ್ಪನವರ ಮಗಳು ನೀಲಮ್ಮ ನೀರಿಗೆ ಹೋಗುವ ಹೊತ್ತಿಗೆ ಸರಿಯಾಗಿ. ಅವಳನ್ನು ಶಾಲೆ ಬಿಡಿಸುವುದೆಂದು ತೀರ್ಮಾನವಾಯಿತು.

ನಾನು ವಾದಕ್ಕೆ ಹೋದೆ. ಬೆಳಗ್ಗೆಯೇ ಅವರ ಜಗಲಿಯಲ್ಲಿ ಕುಳಿತು ಪೂರ್ವಪಕ್ಷ, ಸಿದ್ಧಾಂತಗಳನ್ನೆಲ್ಲ ಮಂಡಿಸಿದೆ. ಸಂಶಯವೆಷ್ಟಿದ್ದರೂ ಮನೆಗೆ ಬಂದವರಿಗೆ ಉಪ್ಪಿಟ್ಟು ತಪ್ಪಿಸುವ ಮನೆತನವಲ್ಲ ಅದು; ತಟ್ಟೆ ಬಂತು. ಬಸಪ್ಪನವರು ಮಾತ್ರ ಜಗ್ಗಲಿಲ್ಲ.

"ಓದು ಓದ್ರೆ ಓಗ್ಲಿ ಮೇಷ್ಟ್ರೇ, ಮಾನ ಓಗ್ಬಾರ್ದು."

ಖಂಡಿಸೋಣವೆಂದರೆ ಬಾಯಿ ತುಂಬ ಬಿಸಿ ಉಪ್ಪಿಟ್ಟು. ಆಗಲೇ ಹಳ್ಳದಿಂದ ಸಿಳ್ಳೆ ಕೇಳಿಸಿತು. ಬಸಪ್ಪನವರು ನನ್ನ ತುಟಿಗಳನ್ನೇ ದಿಟ್ಟಿಸಿದರು. ಬಾಗಿಲ ಮರೆಯಿಂದ ನೀಲಮ್ಮ ಕೇಳಿದಳು:

"ಅಪ್ಪಯ್ಯ, ಮೇಷ್ಟ್ರ ಬಾಯಾಗೆ ಉಪ್ಪಿಟ್ಟೈತೆ. ಉಪ್ಪಿಟ್ಟು ಸಿಳ್ಳೆ ಒಡೀತದಾ?"

ಮೂವರೂ ಹಿತ್ತಿಲಿಗೆ ನಡೆದೆವು. ಒದ್ದೆ ಬಂಡೆಯ ಮೇಲೊಂದು ಹಕ್ಕಿ; ಮೊದಲ ನೋಟಕ್ಕೆ ಕಡುಗಪ್ಪು, ಹೊರಳಿದರೆ ಹೆಗಲಲ್ಲಿ ಹೊಳೆಯುವ ನೀಲಿ. ಅದೇ ಸಿಳ್ಳಾರ, ಮನುಷ್ಯರಂತೆಯೇ ಸಿಳ್ಳೆ ಹಾಕುವ ಹಕ್ಕಿ. ಬಸವನಹುಳುವೊಂದನ್ನು ಕಲ್ಲಿಗೆ ಕುಟ್ಟಿ, ಚಿಪ್ಪು ಒಡೆದು ನುಂಗಿ, ಮತ್ತೆ ಹಾಡತೊಡಗಿತು. ಎಂಥ ಧೈರ್ಯದ ಆರಂಭ! ನಡುವೆ ರಾಗ ಮರೆಯುತ್ತದೆ, ಎಲ್ಲೆಲ್ಲೋ ಅಲೆಯುತ್ತದೆ, ಮುಗಿಸದೆಯೇ ನಿಲ್ಲುತ್ತದೆ. ಚರ್ಚಾಕೂಟದ ನನ್ನ ಮೊದಲ ಭಾಷಣದ ಧಾಟಿಯೇ ಅದು. ವ್ಯತ್ಯಾಸವಿಷ್ಟೇ: ಸಿಳ್ಳಾರ ಚಪ್ಪಾಳೆಗೆ ಕಾಯುವುದಿಲ್ಲ.

ಬಸಪ್ಪನವರು ಬಹಳ ಹೊತ್ತು ನೋಡಿ, ಹಕ್ಕಿಗೇ ಹೇಳಿದರು: "ಲೇ ಪೋಲಿ, ನಿನ್ನಿಂದ ಮೇಷ್ಟ್ರ ಮಾನ ಓಗ್ತಿತ್ತಲ್ಲೋ." ಆಮೇಲೆ ಮಗಳತ್ತ ತಿರುಗಿ, "ನಿಂತ್ಕಂಡು ಏನ್ ನೋಡ್ತೀಯವ್ವ? ಇಸ್ಕೂಲಿಗೆ ಒತ್ತಾಯ್ತು," ಎಂದರು.

ಅಂದು ನನ್ನ ವಾದ ಗೆಲ್ಲಲಿಲ್ಲ. ನನ್ನ ಬಾಯಿ ಮುಚ್ಚಿದ್ದು ಗೆದ್ದಿತು. ಆದ್ದರಿಂದ ತಂದೆಯರಲ್ಲಿ ನನ್ನ ಬಿನ್ನಹವನ್ನು ಚಿಕ್ಕದಾಗಿಯೇ ಹೇಳುತ್ತೇನೆ. ಸಿಳ್ಳೆ ಕೇಳಿದೊಡನೆ ಮಗಳ ಪುಸ್ತಕಗಳನ್ನು ಕಟ್ಟಿಡಬೇಡಿ. ಮೊದಲು ಹಳ್ಳದ ಬಂಡೆಯತ್ತ ನೋಡಿ. ಅಲ್ಲಿ ಹಕ್ಕಿಗೆ ಬದಲು ಹುಡುಗನೇ ಸಿಕ್ಕಿದರೆ ಅವನ ಕಿವಿ ಹಿಂಡಿ. ಮಗಳನ್ನು ಮಾತ್ರ ಶಾಲೆಗೆ ಕಳುಹಿಸಿ.