ಮೂವತ್ತೇಳು ಕಪ್ಪು ಫ್ರೇಮುಗಳು

ಶನಿವಾರ, ಬೆಳಗಿನ ಆರು ಗಂಟೆ. ನೆದರ್ಲೆಂಡ್ಸಿನ ಹಾರ್ಲೆಮ್‌ನ ಖಾಸಗಿ ಚಲನಚಿತ್ರ ಸಂಗ್ರಹಾಲಯದಲ್ಲಿ ನಿಸಾರ್ ಆಗಲೇ ಬಿಳಿ ಕೈಗವಸು ತೊಟ್ಟು ಕೂತಿದ್ದಾರೆ. ಎದುರಿಗಿರುವುದು 1929ರ ಒಂಬತ್ತು ನಿಮಿಷದ ಚಿತ್ರ. ಕಥೆಯಿಲ್ಲ, ಗಿಥೆಯಿಲ್ಲ, ಅಮೆರಿಕದ ಜಾಝ್ ತಂಡವೊಂದು ಮೈಮರೆತು ನುಡಿಸುತ್ತದೆ, ಅಷ್ಟೇ. ಅದರ ನಡುವೆ ನಿಸಾರ್ ಕಪ್ಪು ಫಿಲ್ಮಿನ ತುಂಡೊಂದನ್ನು ಅಂಟಿಸುತ್ತಿದ್ದಾರೆ.

“ಇದೇ ಲಾಸ್ಟು ಸಾರ್. ಮಾತಾಡಿಸ್ಬೇಡಿ, ಕೌಂಟ್ ತಪ್ಪುತ್ತೆ.” ಅವರ ಬಗ್ಗೆ ಬರೆಯಲೆಂದು ಬಂದ ನಾನು ಪಕ್ಕದಲ್ಲಿ ಕೂತು ಕಾಫಿ ಕುಡಿಯುತ್ತೇನೆ.

ತುಮಕೂರಿನ ಟಾಕೀಸೊಂದರಲ್ಲಿ ಹನ್ನೊಂದು ವರ್ಷ ಪ್ರೊಜೆಕ್ಟರ್ ಓಡಿಸಿದವರು ಇವರು. ಪತ್ನಿ ಮಹನೂರ್‌ಗೆ ಇಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕಿ, 1996ರಲ್ಲಿ ಜೊತೆಗೆ ಬಂದರು. “ಫಸ್ಟ್ ವಿಂಟರ್ ಪೂರ್ತಿ ಬರೀ ಅಡುಗೆ ಮಾಡ್ದೆ. ಫಿಲ್ಮ್ ಮುಟ್ಟದೆ ಕೈ ಕಡೀತಿತ್ತು.” ಈಗ ದಿನಕ್ಕೆ ಎರಡು ಸಾವಿರ ಫ್ರೇಮುಗಳನ್ನು ಭೂತಗನ್ನಡಿಯಲ್ಲಿ ನೋಡಿ ಒರೆಸುತ್ತಾರೆ. ಪರದೆಯ ಮೇಲೆ ಅದು ಒಂದೂವರೆ ನಿಮಿಷವೂ ಆಗದು.

ಇಂಥವರೇ ಈ ಚಿತ್ರವನ್ನು ಕೆಡಿಸಿದ್ದರು ಎಂದರೆ ನಂಬುವುದು ಕಷ್ಟ. ಇರುವುದೊಂದೇ ಪ್ರತಿ. ಅದರ ನಡುನಡುವೆ ಇದ್ದ ಕಪ್ಪು ತುಂಡುಗಳನ್ನು, ಟಾಕೀಸಿನ ಅಭ್ಯಾಸಬಲದಿಂದ, ಕತ್ತರಿಸಿ ಎಸೆದುಬಿಟ್ಟರು. ಆದರೆ ಈ ಚಿತ್ರದ ಸದ್ದು ಇರುವುದು ಫಿಲ್ಮಿನಲ್ಲಲ್ಲ, ಬೇರೆಯದೇ ಗ್ರಾಮಫೋನ್ ತಟ್ಟೆಯಲ್ಲಿ. ಚಿತ್ರವೂ ತಟ್ಟೆಯ ಸದ್ದೂ ಜೊತೆಯಾಗಿ ಓಡಲೆಂದು, ಫಿಲ್ಮ್ ಹರಿದುಹೋದಷ್ಟೇ ಉದ್ದದ ಕಪ್ಪು ತುಂಡನ್ನು ಹಿಂದಿನ ಆಪರೇಟರುಗಳು ಬೇಕೆಂದೇ ಸೇರಿಸಿದ್ದರು. ಅವು ಹೋದದ್ದೇ ತಡ, ಡ್ರಮ್ಮಿನ ಮೇಲೆ ಕೋಲು ಮೊದಲು ಬೀಳತೊಡಗಿತು, ಸದ್ದು ಆಮೇಲೆ ಬರತೊಡಗಿತು.

“ನಮ್ಮೂರಲ್ಲಿ ಸೌಂಡು ಫಿಲ್ಮಲ್ಲೇ ಇರ್ತಿತ್ತು. ಕಟ್ ಮಾಡಿದ್ರೆ ಎರಡೂ ಒಟ್ಗೇ ಹೋಗ್ತಿತ್ತು. ನಾನೇ ಹೋಗಿ ಮರೈಕೆ ಮೇಡಂಗೆ ಹೇಳ್ದೆ. ಕೆಲಸ ಹೋಯ್ತು ಅಂದ್ಕೊಂಡಿದ್ದೆ.”

ಸಂಗ್ರಹಾಲಯದ ಮುಖ್ಯಸ್ಥೆ ಮರೈಕೆ ಕೆಲಸದಿಂದ ತೆಗೆಯಲಿಲ್ಲ. ಈ ಶನಿವಾರ ಸಂಜೆಯ ಪ್ರದರ್ಶನದೊಳಗೆ ಸರಿಯಾಗದಿದ್ದರೆ ಚಿತ್ರ ಮತ್ತೆ ಡಬ್ಬ ಸೇರುತ್ತದೆ ಎಂದಷ್ಟೇ ಹೇಳಿದರು. ಮೂರು ವಾರ ನಿಸಾರ್ ತಟ್ಟೆ ಹಾಕಿ ಸದ್ದು ಕೇಳಿದರು, ಒಂದೊಂದು ಏಟಿಗೂ ಚಿತ್ರ ಹೊಂದಿಸಿದರು. ಏಳು ಜಾಗ, ಒಟ್ಟು ಮೂವತ್ತೇಳು ಫ್ರೇಮ್.

ಬೆಳಗಿನ ಏಳೂವರೆಗೆ ಮರೈಕೆ ಬಂದು ಕೂರುತ್ತಾರೆ. ಚಿತ್ರ ಓಡುತ್ತದೆ. ಪರದೆ ಕಪ್ಪಾದಾಗಲೂ ವಾದ್ಯ ನಿಲ್ಲುವುದಿಲ್ಲ. ಏಳನೆಯ ಕತ್ತಲು ಕಳೆದು ಡ್ರಮ್ಮರ್ ಕಾಣುತ್ತಾನೆ. ಕೋಲು ಬಿದ್ದ ಕ್ಷಣಕ್ಕೇ ಸದ್ದು. ಮರೈಕೆಯ ಕಾಲು ತಾನಾಗಿ ತಾಳ ಹಾಕುತ್ತದೆ. ನನಗೂ ಹೋದ ಜೀವ ಬಂದಂತಾಗುತ್ತದೆ.

ಸಂಜೆಯ ಕಾರ್ಯಕ್ರಮದ ಹಾಳೆಯಲ್ಲಿ ನಿಮ್ಮ ಹೆಸರು ಹಾಕಿಸಲೇ ಎಂದು ಆಕೆ ಕೇಳಿದರೆ ನಿಸಾರ್ ಬೇಡವೆನ್ನುತ್ತಾರೆ.

“ಆ ಡ್ರಮ್ಮರ್ ಹೆಸರೇ ಯಾರಿಗೂ ಗೊತ್ತಿಲ್ಲ ಸಾರ್,” ಎನ್ನುತ್ತಾರೆ ನನಗೆ. “ಪಾಪ, ನನ್ನಿಂದ ಮೂರು ವಾರ ತಾಳ ತಪ್ಪಿದೋನು ಅನ್ನಿಸ್ಕೊಂಡ. ಇವತ್ತು ಜನ ಅವನಿಗೊಂದು ಚಪ್ಪಾಳೆ ಹೊಡೆದ್ರೆ ಸಾಕು.”