ಚೆಂಡಿಗೂ ಖೋ

ಮೊನ್ನೆ ಸಂಜೆ ರಾಯಬಾಗದಲ್ಲಿ ಸಂತೆ ಮುಗಿಸಿಕೊಂಡು, ನಾನು ಓದಿದ ಕಾಲೇಜಿನ ಮಗ್ಗುಲಲ್ಲಿ ಹಾದುಬರುತ್ತಿದ್ದೆ. ಗೋಡೆಯಾಚೆಯಿಂದ ಹುಡುಗಿಯೊಬ್ಬಳು "ಖೋ!" ಎಂದು ಕೂಗಿದ್ದು ಕೇಳಿಸಿತು. ಖೋಖೋ ನಡೆದಿರಬೇಕೆಂದು ಇಣುಕಿದರೆ, ಆಡುತ್ತಿದ್ದದ್ದು ಫುಟ್‌ಬಾಲು! ನಿಮಗಿದು ವಿಚಿತ್ರ ಅನ್ನಿಸಬಹುದು. ನನಗೆ ಮಾತ್ರ ಕೈಯಲ್ಲಿದ್ದ ಮೆಂತ್ಯದ ಸಿವುಡು ಜಾರುವಷ್ಟು ಸಂತೋಷವಾಯಿತು.

ಈ ಕಾಲೇಜಿನ ಹುಡುಗಿಯರ ಮೊದಲ ಫುಟ್‌ಬಾಲ್ ತಂಡ ನಮ್ಮದು. ಕಟ್ಟಿದವರು ನಮ್ಮ ಪಿ.ಟಿ. ಸರ್. ಕೊಲ್ಲಾಪುರದ ಬೀಗರ ಮನೆಗೆ ಹೋದಾಗಲೆಲ್ಲ ಅಲ್ಲಿಯ ಪಂದ್ಯ ನೋಡಿ ಹುಚ್ಚು ಹಿಡಿಸಿಕೊಂಡವರು. ಖೋಖೋ ತಂಡವನ್ನೇ ಎಬ್ಬಿಸಿ ತಂದರು. ಒಬ್ಬಳು ಕಡಿಮೆ ಬಿದ್ದಾಗ, ಡಬ್ಬಿ ಬಿಚ್ಚಿಕೊಂಡು ಕೂತಿದ್ದ ನನ್ನ ಮೇಲೆ ಕಣ್ಣು ಬಿತ್ತು.

"ಸರ್, ನನಗ ಓಡಾಕ ಬರೂದಿಲ್ರಿ."

"ಓಡಬ್ಯಾಡ. ಗೋಲಿನಾಗ ನಿಂದ್ರು. ನೀ ನಿಂತ್ರ ಅರ್ಧಾ ಗೋಲ್ ಮುಚ್ಚತೈತಿ."

ಹೊಗಳಿದರೋ ಬೈದರೋ ತಿಳಿಯದೆ ಒಪ್ಪಿಕೊಂಡೆ.

ಪ್ರಾಂಶುಪಾಲರಿಗೆ ಇದು ಸೇರಲಿಲ್ಲ. ಗೆದ್ದು ಬರುತ್ತಿದ್ದ ಖೋಖೋ ತಂಡ ಕೆಟ್ಟೀತೆಂಬ ಚಿಂತೆ ಅವರದು. "ಈ ವರ್ಷ ಒಂದರ ಗೋಲ್ ಹೊಡದ ತೋರಸ್ರಿ. ಇಲ್ಲಂದ್ರ ಮುಂದಿನ ವರ್ಷ ಚೆಂಡು ಕಪಾಟಿನಾಗ," ಎಂದರು. ಒಂದು ಗೋಲು ಏನು ಮಹಾ ಎಂದು ನಾವು ನಕ್ಕೆವು.

ಆ ನಗು ಚಿಕ್ಕೋಡಿಯ ಮೊದಲ ಪಂದ್ಯದಲ್ಲೇ ಇಳಿಯಿತು. ಖೋಖೋದಲ್ಲಿ ಬೆನ್ನಟ್ಟುವವರು ಒಂದು ದಿಕ್ಕು ಹಿಡಿದರೆ ಕಂಬದ ತನಕ ಹಿಂದೆ ತಿರುಗುವಂತಿಲ್ಲ ನೋಡಿ. ನಮ್ಮಲ್ಲಿ ಎಲ್ಲರಿಗಿಂತ ಜೋರು ಓಡುವವಳು ಅಲಖನೂರಿನ ಸುರೇಖಾ. ಚೆಂಡಿನೊಡನೆ ನೆಟ್ಟಗೆ ಓಡಿ, ಗೋಲಿನ ಹತ್ತಿರ ಚೆಂಡನ್ನೇ ಮರೆತು, ಕಂಬ ಮುಟ್ಟಿ ತಿರುಗಿ ಬಂದಳು. ಚೆಂಡು ತನ್ನ ಪಾಡಿಗೆ ಗೋಲಿನ ಪಕ್ಕದಿಂದ ಗೆರೆ ದಾಟಿ ಹೊರಗೆ ಹೋಯಿತು. ಅಥಣಿಯಲ್ಲೂ ಅದೇ ಕತೆ. ಇನ್ನು ಚೆಂಡು ದಾಟಿಸುವಾಗ ಎಲ್ಲರ ಬಾಯಲ್ಲೂ ತಂತಾನೇ "ಖೋ" ಬರುತ್ತಿತ್ತು. "ಖೋ ಅಂದ್ರ ನೋಡ್ರಿ ಮತ್ತ! ಇದು ಬ್ಯಾರೆ ಆಟ ಐತಿ," ಎಂದು ಸರ್ ಗದರುತ್ತಿದ್ದರು. ಬಾಯಿ ಮುಚ್ಚಿಕೊಂಡು ಆಡಿದರೆ ಯಾರು ಯಾರಿಗೆ ಚೆಂಡು ಕೊಡುತ್ತಾರೋ ಒಬ್ಬರಿಗೂ ತಿಳಿಯುತ್ತಿರಲಿಲ್ಲ. ತಪ್ಪದೆ ಕೆಲಸ ಮಾಡಿದ್ದು ನನ್ನ ಬೆನ್ನ ಹಿಂದಿನ ಬಲೆಯೊಂದೇ.

ಕಡೆಯ ಪಂದ್ಯ ನಿಪ್ಪಾಣಿಯಲ್ಲಿ. ಆಟ ಮುಗಿಯುತ್ತ ಬಂದಾಗ ನಾನು ಐದು ಗೋಲು ಬಿಟ್ಟಿದ್ದೆ, ನಮ್ಮ ಲೆಕ್ಕ ಸೊನ್ನೆ. ನಮ್ಮ ಮಹಾದೇವಿ ಎದುರಾಳಿಗಳ ಗೋಲಿನ ಮುಂದೆ ಬೂಟಿನ ಲಾಡಿ ಕಟ್ಟಲು ಕುಕ್ಕರಿಸಿದ್ದಳು. ಅಷ್ಟರಲ್ಲಿ ಸುರೇಖಾ ಚೆಂಡಿನೊಡನೆ ಮೂಲೆಗೆ ಓಡಿ ಮೂವರ ನಡುವೆ ಸಿಕ್ಕಿಬಿದ್ದಳು. "ಅಗ ಪಳ, ಪಳ!" ಎಂದು ನೋಡುವ ಮಂದಿ ಮರಾಠಿಯಲ್ಲಿ ಕೂಗಿದರು. ಓಡಲು ಜಾಗವಿದ್ದರೆ ತಾನೆ? ಸರ್ ಹೇಳಿದ್ದೆಲ್ಲ ಮರೆತು ಅವಳು "ಖೋ!" ಎಂದು ಕಿರುಚಿ ಚೆಂಡನ್ನು ಹಿಂದಕ್ಕೆ ಒದ್ದಳು. ಕುಕ್ಕರಿಸಿ ಕೂತ ಖೋಖೋ ಹುಡುಗಿಗೆ ಇನ್ನೇನು ಬೇಕು? ಮಹಾದೇವಿ ದಡಕ್ಕನೆ ಎದ್ದು ಒದ್ದ ರಭಸಕ್ಕೆ ಚೆಂಡಿನ ಜೊತೆ ಬೂಟೂ ಹಾರಿತು. ಅವರ ಗೋಲ್‌ಕೀಪರ್ ಬೂಟು ಹಿಡಿದಳು, ಚೆಂಡು ಒಳಗೆ ಹೋಯಿತು.

ಸೋತೆವು, ನಿಜ. ಆದರೆ ಅತ್ತವರು ಸರ್ ಒಬ್ಬರೇ, ಅದೂ ಖುಷಿಗೆ. "ಇನ್ನ ಎಷ್ಟ ಬೇಕಾದ್ರೂ ಖೋ ಅನ್ರೆವಾ," ಎಂದು ಕಣ್ಣೊರೆಸಿಕೊಂಡರು. ಪ್ರಾಂಶುಪಾಲರೂ ಆಡಿದ ಮಾತು ಉಳಿಸಿಕೊಂಡರು.

ಇದನ್ನೆಲ್ಲ ನೆನೆಯುತ್ತ ನಿಂತಿದ್ದೆ, ಚೆಂಡು ಗೋಡೆ ಹಾರಿ ನನ್ನತ್ತಲೇ ಬಂತು. ಮೆಂತ್ಯ ಬಿಟ್ಟು ಚೆಂಡು ಹಿಡಿದೆ. ಆ ವರ್ಷವಿಡೀ ಕೈಗೆ ಸಿಗದ್ದು ಈಗ ಸಿಕ್ಕಿತು! ಹುಡುಗಿಯೊಬ್ಬಳು ಗೋಡೆಯ ಮೇಲೆ ಮುಖ ಹಾಕಿದಳು.

"ಆಂಟಿ, ಬಾಲ್ ಕೊಡ್ರಿ."

"ಫುಟ್‌ಬಾಲಿನಾಗ ಖೋ ಅಂತೀರಲ್ಲವಾ, ಯಾಕ?"

"ಯಾಕಂದ್ರ? ಇಲ್ಲೆ ಮೊದಲಿಂದ ಹಂಗ ಅಂತಾರ್ರಿ."

ಸುರೇಖಾಳ ಸುದ್ದಿ, ಮಹಾದೇವಿಯ ಬೂಟಿನ ಸುದ್ದಿ ಹೇಳಬೇಕೆಂದು ನಾಲಿಗೆ ತುದಿಗೆ ಬಂತು. ಆದರೆ ಅವಳ ಹಿಂದೆ ಆಟ ನಿಂತಿತ್ತು, ಎಲ್ಲರೂ ಚೆಂಡಿಗೆ ಕಾಯುತ್ತಿದ್ದರು.

"ಖೋ!" ಎಂದು ಎಸೆದೆ. ಯಾಕೆಂದು ಕೇಳದೆ ಹುಡುಗಿ ಓಡಿದಳು.