ಐವರಲ್ಲಿ ನಮ್ಮವಳು

ಮೊನ್ನೆ ಟ್ರಂಕಿನ ಹಳೆಯ ಬಟ್ಟೆಗಳನ್ನು ಬಿಸಿಲಿಗೆ ಹಾಕುವಾಗ ಬೆರಳಿಗೆಲ್ಲ ಬೆಳ್ಳಿ ಬಣ್ಣದ ಮಿಂಚಿನ ಪುಡಿ ಅಂಟಿಕೊಂಡಿತು. ಸೋಪು ಹಾಕಿ ತಿಕ್ಕಿದರೂ ಹೋಗಲಿಲ್ಲ. ಇದು ಯಾವುದರದಪ್ಪಾ ಎಂದು ಹುಡುಕಿದರೆ ತಳದಲ್ಲಿ ಆ ಜಾಕೀಟು... ಎದುರುಮನೆಯ ಅಕ್ಕ ಟೀವಿಯಲ್ಲಿ ಹಾಕಿಕೊಂಡು ಕುಣಿದದ್ದು. ಎಲ್ಲ ಮುಗಿದ ಮೇಲೆ, "ಬೇಕಾದ್ರೆ ಹಾಕ್ಕೋ, ಬೇಡದಿದ್ರೆ ಒಲೆಗೆ ಹಾಕು" ಎಂದು ಅದನ್ನು ನನ್ನ ಮೇಲೆ ಎಸೆದಿದ್ದಳು. ಒಲೆಗೆ ಹಾಕಲು ನನಗೇನು ತಲೆ ಕೆಟ್ಟಿತ್ತೇ?

ಆಗ ನಾವು ಕೊಪ್ಪದ ಹತ್ತಿರದ ಜಯಪುರದಲ್ಲಿದ್ದೆವು. ಅಕ್ಕನ ಅಮ್ಮ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಚಿಕ್ಕ ಹೋಟೆಲು ನಡೆಸುತ್ತಿದ್ದರು. ಅವಲಕ್ಕಿ, ಬನ್ಸು, ಚಾ, ಅಷ್ಟೇ. ಆದರೆ ಸುತ್ತಲಿನ ಊರುಗಳಲ್ಲೆಲ್ಲ ಅವರು ಹೆಸರಾಗಿದ್ದು ಮದುವೆಯ ಹಾಡಿಗೆ. ನಮ್ಮ ಕಡೆ ಮದುವೆಯಲ್ಲಿ ಹೆಂಗಸರು ಎರಡು ಗುಂಪಾಗಿ ಕೂತು ಹಾಡು ಹೇಳುತ್ತಾರೆ. ಒಂದು ಗುಂಪು ಒಂದು ಸಾಲು ಹೇಳಿದರೆ ಇನ್ನೊಂದು ಗುಂಪು ಅದನ್ನು ಎತ್ತಿಕೊಳ್ಳಬೇಕು. ಹೇಳುವವಳಿಗೆ ಮರೆತುಹೋಯಿತೋ, ಕೆಮ್ಮು ಬಂತೋ, ಪಕ್ಕದಲ್ಲಿದ್ದವಳು ಯಾರೇ ಆಗಲಿ ಮುಂದುವರಿಸಬೇಕು. ಹಾಡು ನಡುವೆ ನಿಂತರೆ ಮದುಮಕ್ಕಳಿಗೆ ಒಳ್ಳೆಯದಲ್ಲವಂತೆ. ಅಕ್ಕ ಇದನ್ನು ಅಮ್ಮನ ಮಡಿಲಲ್ಲಿ ಕೂತೇ ಕಲಿತವಳು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತೇನೋ, ಬೆಂಗಳೂರಿನ ಒಂದು ಟೀವಿ ಚಾನೆಲ್ಲು ಐದು ಹುಡುಗಿಯರನ್ನು ಆರಿಸಿ ಪಾಪ್ ತಂಡ ಕಟ್ಟುತ್ತೇವೆ ಎಂದಿತು. ಅಕ್ಕ ಹೋದಳು. ಅಲ್ಲಿ ಅವಳಿಗಿಂತ ಮೊದಲು ಹಾಡಲು ನಿಂತ ಹುಡುಗಿ ಹೆದರಿ ಅರ್ಧಕ್ಕೇ ನಿಲ್ಲಿಸಿಬಿಟ್ಟಳಂತೆ. ಸಾಲಿನಲ್ಲಿ ಕಾಯುತ್ತಿದ್ದ ನಮ್ಮ ಅಕ್ಕ ಯಾರನ್ನೂ ಕೇಳದೆ, ಅಲ್ಲಿಂದಲೇ ಹಾಡನ್ನು ಎತ್ತಿಕೊಂಡಳು! ಬೇರೆ ಯಾರೇ ಆಗಿದ್ದರೂ ಒಬ್ಬಳು ಕಮ್ಮಿಯಾದಳು ಎಂದು ಒಳಗೊಳಗೇ ಖುಷಿಪಡುತ್ತಿದ್ದರು. ತಂಡಕ್ಕೆ ಬೇಕಾದದ್ದು ಇದೇ ಎಂದು ತೀರ್ಪುಗಾರರು ಇಬ್ಬರನ್ನೂ ಆರಿಸಿದರು.

ಆಮೇಲೆ ಕೇಳಬೇಕೆ! ಭಾನುವಾರ ಸಂಜೆ ಹೋಟೆಲಿನ ಟೀವಿಯ ಮುಂದೆ ಕಾಲಿಡಲು ಜಾಗವಿಲ್ಲ. ಕೊಪ್ಪದ ಕ್ಯಾಸೆಟ್ ಅಂಗಡಿಯಲ್ಲಿ ಐವರ ಫೋಟೋ. ಶೃಂಗೇರಿ ಕಡೆಯಿಂದ ನೆಂಟರು ಎಂದು ಹೇಳಿಕೊಂಡು ಬಂದವರಿಗೆಲ್ಲ ಹೋಟೆಲಿನಮ್ಮ ಬಿಟ್ಟಿ ಚಾ ಕೊಟ್ಟರು. ಆದರೆ ಮುಂದೆ ನಿಂತು ಹಾಡುತ್ತಿದ್ದದ್ದು ಮಾತ್ರ ಆವತ್ತು ಹೆದರಿದ ಹುಡುಗಿ. ಬೆಳ್ಳಗಿದ್ದಳು, ಚಂದವಿದ್ದಳು. ನಮ್ಮ ಅಕ್ಕ ಕಪ್ಪು, ಹಾಗಾಗಿ ಹಿಂದಿನ ಸಾಲು. ಕ್ಯಾಸೆಟ್ಟಿನ ದನಿ ಕೇಳಿ ನನಗೆ ಅನುಮಾನ. "ಆ ಹಾಡು ಅವಳೇ ಹೇಳಿದ್ದಾ ಅಕ್ಕಾ?" ಎಂದು ಫೋನಿನಲ್ಲಿ ಕೇಳಿದರೆ, "ನಿಂಗೆ ಎಂತಕ್ಕೆ ಅದೆಲ್ಲ ಮಾರಾಯ್ತಿ" ಎಂದು ಮಾತು ತೇಲಿಸುತ್ತಿದ್ದಳು.

ಒಂದು ಸಲ ತಂಡದ ಕಾರ್ಯಕ್ರಮ ಕೊಪ್ಪದಲ್ಲೇ ಆಯಿತು. ಜಯಪುರದ ಹೆಂಗಸರೆಲ್ಲ ಜೀಪು ಮಾಡಿಕೊಂಡು ಹೋಗಿ ಮುಂದಿನ ಕುರ್ಚಿಗಳನ್ನು ಹಿಡಿದೆವು. ಹಾಡು ಅರ್ಧಕ್ಕೆ ಬಂದಿತ್ತು. ಒಳಗಿನಿಂದ ಹಾಕಿದ್ದ ಹಾಡಿನ ಸೀಡಿ ಒಂದೇ ಮಾತನ್ನು ಕೊರ್‌ ಕೊರ್‌ ಎಂದು ಎಳೆದು ನಿಂತೇಹೋಯಿತು. ಮುಂದಿದ್ದ ಹುಡುಗಿ ಮೈಕು ಹಿಡಿದು ಬಾಯಿ ತೆರೆದಳು, ದನಿಯೇ ಇಲ್ಲ. ಆಗ ಹಿಂದಿನ ಸಾಲಿನಿಂದ ಹಾಡು ಎದ್ದಿತು. ಅದೇ ದನಿ! ನಾವು ಇಷ್ಟು ದಿನ ಕ್ಯಾಸೆಟ್ಟಿನಲ್ಲಿ ಕೇಳಿದ್ದ ಅದೇ ದನಿ. ಅಕ್ಕ ಒಂದು ಸಾಲು ಹೇಳಿ ಉಸಿರು ತೆಗೆದುಕೊಂಡಳೋ ಇಲ್ಲವೋ, ಮುಂದಿನ ಕುರ್ಚಿಯಲ್ಲಿದ್ದ ನಮ್ಮ ಹೆಂಗಸರು ಮದುವೆಮನೆಯಲ್ಲಿ ಕೂತವರಂತೆ ಅದನ್ನು ಎತ್ತಿಕೊಂಡರು. ಅಂಥ ಹಾಡನ್ನು ನಾನು ಮತ್ತೆ ಕೇಳಿಲ್ಲ.

ಯಾರು ಹಾಡಿದ್ದು, ಯಾರು ಬಾಯಿ ಆಡಿಸಿದ್ದು ಎಂದು ಅವತ್ತೇ ಊರಿಗೆಲ್ಲ ಗೊತ್ತಾಯಿತು. ಚಾನೆಲ್ಲಿನವರು ಬೆಂಕಿಯಾದರು. ಮರುದಿನವೇ ಅವರ ಪೈಕಿ ಒಬ್ಬ ಹೋಟೆಲಿಗೆ ಬಂದ. ಮಾತು ಮಾತ್ರ ಬೆಣ್ಣೆ.

"ಕ್ಯಾಮೆರಾ ಮುಂದೆ ಒಂದೇ ಮಾತು ಹೇಳಿ ಸಾಕು. ನಿನ್ನೆ ನಾನು ಅವಳ ದನಿ ಅನುಕರಣೆ ಮಾಡಿದೆ, ಕ್ಯಾಸೆಟ್ಟಲ್ಲಿರೋದು ನನ್ನ ದನಿ ಅಲ್ಲ ಅಂತ. ತಂಡ ಉಳಿಯುತ್ತೆ, ನೀವೂ ಇರ್ತೀರಿ."

ನಮ್ಮ ಜೀಪಿನಲ್ಲೇ ಊರಿಗೆ ಬಂದಿದ್ದ ಅಕ್ಕ ಚಾ ಸೋಸುತ್ತಿದ್ದಳು. ಲೋಟವನ್ನು ಅವನ ಮುಂದೆ ಕುಕ್ಕಿದಳು. "ನನ್ನ ಗಂಟ್ಲು ನಂದಲ್ಲ ಅಂತ ನಾನೇ ಹೇಳೂದಾ? ಚಾ ಕುಡ್ದು ಹೊರಡಿ. ಬಸ್ಸು ಬರೂ ಹೊತ್ತಾಯ್ತು."

ತಂಡ ಒಡೆಯಿತು. ಉಳಿದ ನಾಲ್ವರೂ ಇವಳೇ ಮನೆಹಾಳಿ ಎಂದು ಟೀವಿಯಲ್ಲಿ ಅತ್ತು, ದಿಕ್ಕಿಗೊಬ್ಬರಾಗಿ ಹೋದರು. ಬಿಟ್ಟಿ ಚಾ ಕುಡಿದವರೇ, "ಸುಮ್ನೆ ಬಾಯಿ ಆಡಿಸ್ಕೊಂಡಿದ್ರೆ ಇವ್ಳ ಗಂಟೇನು ಹೋಗ್ತಿತ್ತು?" ಎನ್ನತೊಡಗಿದರು. ಕೇಳಿದಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ. ತನ್ನದನ್ನು ತನ್ನದು ಎಂದದ್ದಕ್ಕೆ ಇಷ್ಟು ಮಾತೇ?

ಅಕ್ಕ ಮೂಲೆ ಸೇರುತ್ತಾಳೆ ಎಂದುಕೊಂಡಿದ್ದರು. ಸೇರಲಿಲ್ಲ. ಭಂಡಿಗಡಿಯಿಂದ ಹಿಡಿದು ನರಸಿಂಹರಾಜಪುರದವರೆಗೆ ಮದುವೆಮನೆಗಳಲ್ಲಿ ಹಾಡು ಹೇಳಿದಳು. ಕರೆದರೂ ಹೋದಳು, ಕರೆಯದಿದ್ದರೂ ಹೋದಳು. "ಟೀವಿಯವ್ಳು ಬಂದ್ಲು ನೋಡ್ರೇ" ಎಂದು ಬಾಯಿಗೆ ಸೆರಗು ಇಟ್ಟು ನಕ್ಕವರ ಎದುರೇ ಜಮಖಾನದ ಮೇಲೆ ಕೂತು, ಮೈಕು ತಂದರೆ ಬೇಡವೆಂದು ದೂಡಿ, ಗಂಟಲು ಬಿಟ್ಟು ಹೇಳುತ್ತಿದ್ದಳು. ಕೊನೆಗೆ ನಕ್ಕವರೇ ಮುಂದಿನ ಸಾಲನ್ನು ಎತ್ತಿಕೊಳ್ಳಬೇಕಾಗುತ್ತಿತ್ತು.

ಅವಳಿಗೆ ನಲವತ್ತು ಕೂಡ ಆಗಿರಲಿಲ್ಲ. ಒಂದು ಮಳೆಗಾಲದ ಜ್ವರ... ಅದನ್ನು ಬರೆಯಲು ನನ್ನಿಂದ ಆಗುವುದಿಲ್ಲ. ಅವಳಿಲ್ಲ, ಅಷ್ಟೇ.

ಜಾಕೀಟು ಸಿಕ್ಕ ಮೇಲೆ ಮನಸ್ಸು ತಡೆಯದೆ ಜಯಪುರಕ್ಕೆ ಹೋದೆ. ಹೋಟೆಲಿನಮ್ಮ ಇನ್ನೂ ಗಲ್ಲಾದಲ್ಲಿ ಕೂರುತ್ತಾರೆ, ಕಣ್ಣು ಸ್ವಲ್ಪ ಮಂಜು. ನಾನು ಚಾ ಕುಡಿಯುತ್ತಿದ್ದಾಗ, ಬಸ್ಸಿಗೆ ಕಾಯುತ್ತಿದ್ದ ಒಬ್ಬ ಹುಡುಗನ ಮೊಬೈಲಿನಲ್ಲಿ ಕ್ಯಾಸೆಟ್ಟಿನ ಆ ಹಾಡೇ ಶುರುವಾಯಿತು.

"ಯಾರು ಹೇಳಿದ್ದು ಅಂತ ಹಾಕಿದಾರಪ್ಪ ಅದ್ರಲ್ಲಿ?" ಎಂದು ಹೋಟೆಲಿನಮ್ಮ ಕೇಳಿದರು.

ಅವನು ಮೊಬೈಲು ನೋಡಿ ಆ ಬೆಳ್ಳಗಿನ ಹುಡುಗಿಯ ಹೆಸರು ಓದಿದ.

"ಹಾಕ್ಕೊಳ್ಲಿ ಬಿಡು," ಎಂದರು ಹೋಟೆಲಿನಮ್ಮ. "ಸ್ವಲ್ಪ ಜೋರು ಮಾಡು. ನನ್ನ ಮಗಳು ಹೇಳ್ತಾ ಇದ್ದಾಳೆ."